ಕಪ್ಪು ಮೇಣ, ಹಸಿರು ಮೇಣ

"ಇದ್ ನಾ ಎಳ್ದ ಅಲಗಲ್ಲ," ಎಂದರು ಮಾಯಿಲಪ್ಪ.

ರಬ್ಬರ್ ಹಾಲಿನ ಚಿಪ್ಪುಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದ ಭವಿತಾಳ ಕೈ ನಿಂತಿತು. ಮಾವ ಜಗಲಿಯಲ್ಲಿ ಕಾಲು ಚಾಚಿ ಕೂತು, ರಬ್ಬರ್ ಮರ ಗೀರುವ ಟ್ಯಾಪಿಂಗ್ ಕತ್ತಿಯ ಬಾಗಿದ ಮೂಲೆಯ ಮೇಲೆ ಹೆಬ್ಬೆರಳನ್ನು ಅಡ್ಡಕ್ಕೆ ಆಡಿಸುತ್ತಿದ್ದರು.

"ನಿಮ್ದೇ ಮಾವ. ಮತ್ತೆ ಯಾರ್ದ್?"

"ಹೆಬ್ಬೆರಳಿಗೆ ಕಣ್ಣ್ ಬೇಡ ಕೂಸೇ."

ಬೆಳಗಿನ ಅಕಾಲ ಮಳೆಗೆ ಮರಗಳೆಲ್ಲ ಒದ್ದೆಯಾಗಿ ಇವತ್ತು ಟ್ಯಾಪಿಂಗ್ ಇರಲಿಲ್ಲ. ಕತ್ತಿ ತೊಗಟೆ ಮುಟ್ಟದೆ, ಅವಳು ಹರಿತ ಮಾಡಿದ ಹಾಗೆಯೇ ಮನೆಗೆ ಬಂದಿತ್ತು. ಮಾವ ಅದನ್ನು ಮುಟ್ಟಿ ನೋಡಿಯಾರೆಂದು ಅವಳು ಯೋಚಿಸಿರಲಿಲ್ಲ.

ಐವರ್ನಾಡಿನ ತೋಟದ ಆ ಮರಗಳು ಮೊದಲು ಮಾವನ ಕೈಯಲ್ಲಿದ್ದವು. ಸಕ್ಕರೆ ಕಾಯಿಲೆ ಕಣ್ಣಿಗೆ ಮಂಜು ತಂದ ಮೇಲೆ ಸೊಸೆಗೆ ಬಂದವು. ಹರಿತ ಮಾಡುವುದನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಸಂಜೆ ಸಾಣೆಕಲ್ಲಿನಲ್ಲಿ ಮಸೆದು, ಮೊದಲು ಕಪ್ಪು ಮೇಣ ತಿಕ್ಕಿದ ತೊಗಲಿನ ಪಟ್ಟಿಗೆ, ಆಮೇಲೆ ಹಸಿರು ಮೇಣದ್ದಕ್ಕೆ ಎಳೆಯುವುದು. ಕಪ್ಪು ಮೇಣ ಕಬ್ಬಿಣವನ್ನು ತಿನ್ನುತ್ತದೆ, ಹಸಿರು ನಯ ಮಾಡುತ್ತದೆ. ಒಂದರ ತೊಗಲಿಗೆ ಇನ್ನೊಂದು ಸೋಕಬಾರದು. ಕಪ್ಪಿನ ತರಿ ಒಮ್ಮೆ ಒಳಗೆ ಹೊಕ್ಕರೆ ಹೊರಗೆ ಬರುವುದಿಲ್ಲ. ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವರೂ ಅವರೇ.

ಕತ್ತಿ ತೊಗಟೆಯಲ್ಲಿ ಜಗ್ಗಿ ಮರಕ್ಕೆ ಆಳ ಗಾಯ ಮಾಡತೊಡಗಿದಾಗ ಅವಳು ತನ್ನ ಕೈಯನ್ನೇ ಬೈದುಕೊಂಡಿದ್ದಳು. ತೋಟದ ಯಜಮಾನ ಕೃಷ್ಣಮೋಹನ ಮರದ ಗಾಯದೊಳಗೆ ಬೆರಳಿಟ್ಟು, "ಎಂತ ಮಾರಾಯ್ತಿ, ನೀನು ಹಾಲು ತೆಗಿಯುದಾ, ಆಪರೇಶನ್ ಮಾಡುದಾ? ತಿಂಗಳ ಕೊನೆಗೆ ಬಂದು ನೋಡ್ತೇನೆ. ಆಗಲೂ ಹೀಗೇ ಉಂಟಾದ್ರೆ ಬೇರೆಯವರನ್ನು ಹುಡುಕುದು," ಎಂದಿದ್ದರು. ಆ ಸಂಜೆ ಅವಳು ಅಡುಗೆಮನೆ ಬಾಗಿಲಿಗೆ ಒರಗಿ ನೋಡಿದಳು. ಮಾವ ಕಪ್ಪು ಮೇಣದ ಬಿಲ್ಲೆಯನ್ನು ಎತ್ತಿ, ನಿಧಾನಕ್ಕೆ, ಬಹಳ ಜಾಗ್ರತೆಯಿಂದ, ಹಸಿರು ತೊಗಲಿಗೆ ತಿಕ್ಕುತ್ತಿದ್ದರು.

ಹೇಳಲು ಬಾಯಿ ಬರಲಿಲ್ಲ. ಸುಳ್ಯಕ್ಕೆ ಹೋಗಿ ಹೊಸ ತೊಗಲು, ಹಸಿರು ಬಿಲ್ಲೆ ತಂದು ರಬ್ಬರ್ ಶೀಟಿನ ಶೆಡ್ಡಿನಲ್ಲಿ ಅಡಗಿಸಿಟ್ಟಳು. ಅವರು ಎಳೆದುಕೊಟ್ಟ ಕತ್ತಿಯನ್ನು ಬೆಳಿಗ್ಗೆ ಅಲ್ಲಿ ಮತ್ತೆ ಎಳೆಯುವಳು. ಗಾಯ ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ನಾಳೆ ಕೃಷ್ಣಮೋಹನ ಬರುವವರಿದ್ದರು.

"ನಿಮ್ಮ ಹಸಿರು ತೊಗಲಿಗೆ ಕಪ್ಪು ಸೇರಿಯುಟ್ಟು ಮಾವ," ಎಂದಳು.

ಮಾಯಿಲಪ್ಪ ಕತ್ತಿಯನ್ನು ಕೆಳಗಿಟ್ಟರು. ಪಕ್ಕದಲ್ಲಿದ್ದ ಪಟ್ಟಿಯನ್ನು ತಡವಿ ತೆಗೆದು ಉಗುರಿನಿಂದ ಕೆರೆದರು. ಕಣ್ಣಿನ ಹತ್ತಿರ ತಂದರು, ಇನ್ನೂ ಹತ್ತಿರ ತಂದರು.

"ಯಾವಾಗಂದ?"

"ದೀಪಾವಳಿಂದ ಇರೊಕು."

"ಇಷ್ಟ್ ದಿನ ಬಾಯಿಲಿ ಎಂತ ಇತ್ತ್ ನಿಂಗೆ? ರಬ್ಬರ್ ಹಾಲಾ?"

ಅವಳು ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟಳು. ಅವರ ದನಿ ಇಳಿಯಿತು. "ನಿನ್ನದ್ ತಕಂಬಾ."

"ಇದರಲ್ಲಿ ಎಳ್ದರೂ ಮರಕ್ಕೆ ಗಾಯ ಉಟ್ಟು ಮಾವ," ಎಂದು ಅವಳು ಶೆಡ್ಡಿನಿಂದ ತಂದುಕೊಟ್ಟ ಪಟ್ಟಿಯ ಮೇಲೆ ಅವರು ಬೆರಳಾಡಿಸಿ ಮುಖ ಕಿವುಚಿದರು. "ಇದ್ ಎಂತ, ರೊಟ್ಟಿಗೆ ಬೆಣ್ಣೆಯಾ? ಮೇಣ ಇಷ್ಟ್ ದಪ್ಪ ಇದ್ದರೆ ಕತ್ತಿ ಬಾಯಿ ಉರುಟು. ಅದಕ್ಕೇ ಗಾಯ ಪೂರ್ತಿ ನಿಂತಿಲ್ಲೆ."

ಕತ್ತಿಯ ಬೆನ್ನಿನಿಂದ ಗಂಟುಗಟ್ಟಿದ ಮೇಣವನ್ನೆಲ್ಲ ಹೆರೆದು ತೆಗೆದರು. ತೊಗಲನ್ನು ಬಿಸಿಯಾಗುವವರೆಗೆ ಅಂಗೈಯಿಂದ ಉಜ್ಜಿದರು. ಆಮೇಲೆ ಬಿಲ್ಲೆಯನ್ನು ಅವಳಿಗೆ ಕೊಟ್ಟು, ತೆಳ್ಳಗೆ ತಿಕ್ಕಿಸಿ, ಪಟ್ಟಿಯನ್ನು ತಮ್ಮ ಎರಡೂ ಮೊಣಕಾಲುಗಳ ಮೇಲೆ ಅಡ್ಡ ಇಟ್ಟು ಹಿಡಿದರು. ಕತ್ತಿಯನ್ನು ಅವಳತ್ತ ಚಾಚಿದರು.

"ಎಳಿ."

"ನೀವೇ ಎಳಿರಿ ಮಾವ..."

"ಎಳಿ ಹೇಳ್ದೆ. ಬೆನ್ನ್ ಮುಂದೆ, ಬಾಯಿ ಹಿಂದೆ. ನಾ ಸದ್ದ್ ಕೇಳ್ನೆ."

ಅವಳು ಎಳೆದಳು. ಸರ್ರೆಂದಿತು. ಮಾಯಿಲಪ್ಪ ಹಾಗಲ್ಲವೆಂದು ತಲೆಯಾಡಿಸಿದರು. ಅವಳು ಕತ್ತಿಯ ಬೆನ್ನನ್ನು ತುಸು ತಗ್ಗಿಸಿ ಮತ್ತೆ ಎಳೆದಳು. ಈಗ ಸದ್ದು ಬಟ್ಟೆಯ ಮೇಲೆ ಕೈ ಸವರಿದ ಹಾಗಿತ್ತು. ಅವರು ಕಣ್ಣು ಮುಚ್ಚಿ ಕಿವಿಯನ್ನು ಆ ಕಡೆಗೆ ಓರೆ ಮಾಡಿ ಕೂತಿದ್ದರು. ತೊಗಲಿನ ಅಂಚನ್ನು ಹಿಡಿದ ಅವರ ಬೆರಳುಗಳು, ಅಲಗು ಹಾದುಹೋಗುವಷ್ಟೇ ಜಾಗ ಬಿಟ್ಟು, ಅಲುಗದೆ ಇದ್ದವು.