ಬಾಗಿಲ ಕೆಳಗಿನ ಸಂದು

ಊದುಬತ್ತಿ ಹಚ್ಚಿದ್ದಾರೆ, ಒಂದೆರಡಲ್ಲ, ಇಡೀ ಕಟ್ಟು, ವೇದಿಕೆಯ ದೀಪದ ಪಕ್ಕದಲ್ಲಿ, ಯಾರಿಗೆ ಬೇಕಿತ್ತು ಈ ಹೊಗೆ, ಫ್ಯಾನು ಅದನ್ನು ಸೀದಾ ನನ್ನ ಮೂಗಿಗೇ ತಂದು ಹಾಕುತ್ತಿದೆ, ಎದೆ ಕಟ್ಟುತ್ತಿದೆ — ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲೊಂದು ಸೇವಂತಿಗೆ, ಮದುಮಗನ ಹಾಗೆ ನಿಲ್ಲಿಸಿದ್ದಾರೆ ಕುಡುಕರ ಸಾಲನ್ನು, ಬೆಳ್ತಂಗಡಿಯ ಈ ಸಭಾಭವನದಲ್ಲಿ ಇವತ್ತು ಮದ್ಯ ಬಿಡಿಸುವ ಶಿಬಿರದ ಕುಟುಂಬ ದಿನ, ಎದುರಿನ ಕುರ್ಚಿಗಳಲ್ಲಿ ಮನೆಯವರು, ಹೆಸರು ಕರೆದಾಗ ಹೋಗಿ ಕಾಲಿಗೆ ಹೂವಿಟ್ಟು ಮೈಕಿನಲ್ಲಿ ತಪ್ಪಾಯಿತು ಎನ್ನಬೇಕು, ಎಲ್ಲರೂ ಅಳಬೇಕು, ಆಮೇಲೆ ಪಾಯಸ. ಸಾಲಿನಿಂದ ತುಕ್ರಪ್ಪ ಹೋದ, ಹೆಂಡತಿಯ ಕಾಲು ಹಿಡಿದು ಗೊಳೋ ಎಂದ, ಚಪ್ಪಾಳೆ, ಅಳಲಿ, ಅವಳಿಗೆ ಹೊಡೆದವನು ಅವನು, ಅವನಿಗೆ ಅದು ಸರಿ — ನನ್ನ ಎದುರು ಕೂತದ್ದು ಯಾರು, ಅಪ್ಪ, ಲೋಕಯ್ಯ ಗೌಡರು, ಶಿಬಿರ ಸಮಿತಿಯ ಅಧ್ಯಕ್ಷರು, ಹೆಗಲಿಗೆ ಶಾಲು ಬೇರೆ, ಬೆಳಗ್ಗೆ ಇದೇ ಮೈಕಿನಲ್ಲಿ ಹೇಳಿದರು, ನಾನು ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ, ಆದರೂ ದೇವರು ನನಗೆ ಇಂಥ ಮಗನನ್ನು ಕೊಟ್ಟ. ದೇವರು ಕೊಟ್ಟನಂತೆ. ಹೊಗೆ ಹಾಕಿ ಹದ ಮಾಡಿದ್ದು ಯಾರು, ಅದನ್ನೂ ಹೇಳಬೇಕಿತ್ತು ಅಧ್ಯಕ್ಷರು.

ಒಂದು ಬಕೆಟ್ ರಬ್ಬರ್ ಮರದ ಹಾಲು, ಅಷ್ಟೇ, ಹೊತ್ತು ತರುವಾಗ ಬೇರು ಎಡವಿ ಬಿದ್ದೆ, ಮೂರನೇ ಕ್ಲಾಸಿನವನು, ಹಾಲು ಗುಡ್ಡದ ಮಣ್ಣಿನಲ್ಲಿ ಬೆಳ್ಳಗೆ ಹರಿಯಿತು, ಅಪ್ಪ ಬೈಯಲೂ ಇಲ್ಲ, ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ರಬ್ಬರ್ ಶೀಟು ಒಣಗಿಸುವ ಹೊಗೆಕೋಣೆಗೆ ದೂಡಿ ಹೊರಗಿಂದ ಚಿಲಕ ಹಾಕಿದರು, ಕೆಳಗೆ ತೆಂಗಿನ ಸಿಪ್ಪೆಯ ಹೊಗೆ, ಮೇಲೆ ಸಾಲು ಸಾಲು ಶೀಟು, ಮುಖಕ್ಕೆ ಅಂಟುವ ಜಿಗುಟು, ಕಣ್ಣು ಕಾಣದು, ಕೆಮ್ಮಿ ಕೆಮ್ಮಿ ನೆಲಕ್ಕೆ ಬಿದ್ದೆ, ಅಲ್ಲಿ ಬಾಗಿಲ ಕೆಳಗೆ ಒಂದು ಸಂದು, ಸಂದಿನಲ್ಲಿ ಬೆಳಕು, ಒಂದು ಚೂರು ಗಾಳಿ, ಬೆಳಕಿನಲ್ಲಿ ಒಂದು ಕಾಲುಂಗುರ — ಬೇಡ, ಅದು ಬೇಡ ಈಗ. ಒಂದು ಸಲವಾ, ಕ್ಲಾಸಿನಲ್ಲಿ ಹಿಂದೆ ಬಿದ್ದರೆ ಹೊಗೆಕೋಣೆ, ದನ ತಪ್ಪಿಸಿಕೊಂಡರೆ ಹೊಗೆಕೋಣೆ, ಶಾಲೆಯಲ್ಲಿ ನನ್ನ ಅಂಗಿ ಮೂಸಿ ಮಕ್ಕಳು ದೂರ ಸರಿದು ಕೂರುತ್ತಿದ್ದರು, ಊರೇ ಹೇಳುತ್ತಿತ್ತು, ಲೋಕಯ್ಯ ಗೌಡ್ರು ಮಕ್ಕಳನ್ನು ಶಿಸ್ತಿನಲ್ಲಿ ಬೆಳೆಸಿದ್ದಾರೆ ಮಾರಾಯ. ಉಜಿರೆಯಲ್ಲಿ ಕಾಲೇಜಿಗೆ ಹೋದಾಗ ಹಾಸ್ಟೆಲಿನ ಗೆಳೆಯರು ಕುಡಿಸಿದ ಮೊದಲ ಕ್ವಾರ್ಟರ್, ಎದೆಯ ಚಿಲಕ ತೆಗೆದ ಹಾಗಾಯಿತು, ಆ ದಿನ ನಾನು ಮೊದಲ ಸಲ ಎದೆ ತುಂಬ ಉಸಿರಾಡಿದೆ, ಇದನ್ನು ಈ ಶಾಲು ಹೊದ್ದವರ ಮುಂದೆ ಹೇಗೆ ಹೇಳಲಿ.

ವಿಜೇತಾ ಮೇಡಂಗೆ ಹೇಳಿದೆ, ಇಲ್ಲಿಯ ಆಪ್ತ ಸಮಾಲೋಚಕಿ, ಮೊದಲ ದಿನ ನನ್ನ ಎದುರು ಕುರ್ಚಿ ಎಳೆದು ಕೂತು ಕೇಳಿದವರು, ನೀವು ಕುಡಿಯಲಿಕ್ಕೆ ಶುರು ಮಾಡಿದ್ದು ಯಾವಾಗ ಅಂತ ನಾನು ಕೇಳುದಿಲ್ಲ, ನಿಮ್ಮ ಎದೆ ಕಟ್ಟಿದ್ದು ಯಾವಾಗ, ಅದನ್ನು ಹೇಳಿ. ಗಂಜಿ ಊಟ, ನಿದ್ದೆ, ಉಸಿರಾಟ, ಗುದ್ದಲಿ ಕೆಲಸ, ಎಲ್ಲ ಮಾಡಿಸಿದರು, ಮೈಗೆ ಕಸುವು ಬಂತು, ಬಾಟಲಿ ಬಿಟ್ಟರೆ ಅರ್ಧ ಮಾತ್ರ, ಉಳಿದ ಅರ್ಧ ಒಳಗೆ ಉಂಟು, ಅದನ್ನು ಹೊರಗೆ ಹಾಕದಿದ್ದರೆ ಮೊದಲಿನದ್ದೂ ವಾಪಸು ಬರ್ತದೆ ಎಂದರು. ಹೆಂಡತಿ ದೀಪಶ್ರೀ ನಿನ್ನೆ ಫೋನಿನಲ್ಲಿ ಬೇಡಿಕೊಂಡಳು, ಒಮ್ಮೆ ಮಾವನ ಕಾಲು ಹಿಡಿದು ಮುಗಿಸಿ, ನಾವು ಮನೆಗೆ ಹೋಗುವ, ಇನ್ನೊಂದು ಸಲ ಕುಡಿದರೆ ನಾನು ಬೆಳುವಾಯಿಗೆ ಅಮ್ಮನ ಮನೆಗೆ ಹೋಗ್ತೇನೆ, ಮತ್ತೆ ಬರುದಿಲ್ಲ. ಪಾಪ, ಅವಳಿಗೆ ಗೊತ್ತಿಲ್ಲ, ಇವರ ಕಾಲು ಹಿಡಿದು ನನ್ನದೇ ತಪ್ಪು ಎಂದರೆ ಬಸ್ಸು ಉಜಿರೆ ದಾಟುವುದಿಲ್ಲ, ನಾನು ಇಳಿದಿರುತ್ತೇನೆ, ಅಲ್ಲಿಯ ಬಾರಿನ ಮೆಟ್ಟಿಲು ಹತ್ತಿರುತ್ತೇನೆ — ಜಯಪ್ರಕಾಶ್, ಮೈಕು ಕರೆಯುತ್ತಿದೆ, ಅಧ್ಯಕ್ಷರ ಮಗ, ಎಲ್ಲರ ಕುತ್ತಿಗೆಯೂ ಇತ್ತ, ಕಾಲು ತಾನೇ ನಡೆಯುತ್ತಿದೆ, ಅಪ್ಪ ಚಪ್ಪಲಿ ಬಿಟ್ಟು ಪಾದ ಜೋಡಿಸಿ ಸಿದ್ಧವಾಗಿದ್ದಾರೆ, ನಾಚಿಕೆಯಿಲ್ಲ, ಹೊಗೆ, ಹೊಗೆ, ಬಗ್ಗುತ್ತೇನೆ, ಹೂ ಇಡಬೇಕು, ಅಪ್ಪನ ಪಾದ, ಅದರ ಪಕ್ಕದಲ್ಲಿ ಸೀರೆಯ ಅಂಚು, ಇನ್ನೆರಡು ಪಾದ, ಕಾಲುಂಗುರ. ಅದೇ. ಇಷ್ಟೇ ಎತ್ತರದಿಂದ, ನೆಲದಿಂದ, ನೋಡಿದ್ದೆ. ಮೇಡಂಗೂ ಹೇಳಿರಲಿಲ್ಲ ಇದನ್ನು, ಅಪ್ಪನ ಬಗ್ಗೆ ಹೇಳಿದ್ದು ಸುಲಭವಾಗಿತ್ತು, ಆ ದಿನ ಅಪ್ಪ ಗದ್ದೆಗೆ ಹೋಗಿಯಾಗಿತ್ತು, ಚಿಲಕ ಅವಳ ಕೈಗೆ ಎಟಕುತ್ತಿತ್ತು, ಅಮ್ಮಾ ಅಮ್ಮಾ ಎಂದು ಸಂದಿಗೆ ಬಾಯಿಟ್ಟು ಕೂಗಿದೆ, ಅವಳು ಅಲ್ಲೇ ಇದ್ದಳು, ಅಲ್ಲೇ, ಅಳುವುದೂ ಕೇಳುತ್ತಿತ್ತು — ಹೂ ಕೈಯಲ್ಲೇ ಉಳಿಯಿತು, ನನ್ನ ದನಿ ಬಾಯಿಗೆ ಹಿಡಿದ ಮೈಕಿನಲ್ಲಿ ಬೇರೆ ಯಾರದೋ ಹಾಗೆ, ಅಮ್ಮಾ, ನೀನು ಬಾಗಿಲು ಯಾಕೆ ತೆಗೀಲಿಲ್ಲ. ಜನ ನೋಡ್ತಾರೆ ಎಂದು ಅಪ್ಪ ಹಲ್ಲು ಕಚ್ಚಿ ಹೇಳುತ್ತಿದ್ದಾರೆ, ಹೇಳಲಿ, ತಲೆ ಎತ್ತುವುದಿಲ್ಲ ನಾನು, ಉಸಿರು ಬಂತು, ಪೂರ್ತಿ ಬಂತು, ಉತ್ತರ ಬರಲಿ, ಇಲ್ಲೇ ಬಗ್ಗಿರುತ್ತೇನೆ — ಅಮ್ಮನ ಕಾಲ್ಬೆರಳು ಮಡಚಿಕೊಂಡಿತು, ಅಂದಿನ ಹಾಗೇ, ನೆಲಕ್ಕೆ ಒತ್ತಿ, ಮುಂದೆ ಬರುವುದಿಲ್ಲ, ಹಿಂದೆಯೂ ಹೋಗುವುದಿಲ್ಲ, ಆ ಬೆರಳು, ಅದರ ಕಾಲುಂಗುರ, ಕಾಲುಂಗುರ