ಗಾಜಿನ ಹಿಂದಿನ ಚೀಟಿ

ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು ನಾನು. ಹುಟ್ಟಿನಿಂದಲೇ ಕಣ್ಣು ಕಾಣದು, ಕಿವಿ ಮಾತ್ರ ಬಲು ಚುರುಕು. ಡಾಕ್ಟರು ಆಪರೇಷನ್ನಿನಲ್ಲಿದ್ದಾರೆ ಎಂದು ನರ್ಸ್ ಹೇಳಿದರೆ, ನಿಜವಾಗಿ ಇದ್ದಾರೋ ಇಲ್ಲ ಪಕ್ಕದಲ್ಲೇ ನಿಂತು ಕೈಸನ್ನೆ ಮಾಡುತ್ತಿದ್ದಾರೋ, ದನಿಯಲ್ಲೇ ಗೊತ್ತಾಗಿಬಿಡುತ್ತಿತ್ತು. ಸುಳ್ಳು ಹೇಳಿ ನನ್ನಿಂದ ತಪ್ಪಿಸಿಕೊಂಡವರಿಲ್ಲ ಎಂದು ನನಗೊಂದು ಜಂಬ.

ಚುನಾವಣೆ ಬಂದಾಗ ಮಾತ್ರ ನನಗೆ ಯಜಮಾನರ ಕೈ ಬೇಕಾಗುತ್ತಿತ್ತು. ಮೊದಲು ಕಾಗದದ ಮತಪತ್ರ, ಆಮೇಲೆ ಯಂತ್ರ. ಮರೆಯೊಳಗೆ ಇಬ್ಬರೂ ಹೋಗುತ್ತಿದ್ದೆವು. ಅವರ ವೋಟು ಕಂಟ್ರಾಕ್ಟರಿಗೆ, ಅದು ಬೀದಿಗೆಲ್ಲ ಗೊತ್ತಿತ್ತು. ನಾನು ಮಾತ್ರ ಅವರ ಕಿವಿಯಲ್ಲಿ "ಟೀಚರಮ್ಮ" ಅನ್ನುತ್ತಿದ್ದೆ, ಅವರು ನನ್ನ ಪರವಾಗಿ ಸೀಲೋ ಗುಂಡಿಯೋ ಒತ್ತುತ್ತಿದ್ದರು. ಆ ಟೀಚರಮ್ಮ ಐದು ಸಲ ನಿಂತು ಐದು ಸಲವೂ ಮಣ್ಣು ಮುಕ್ಕಿದರು. ಫಲಿತಾಂಶದ ದಿನ ಯಜಮಾನರು ರೇಡಿಯೋ ಆರಿಸಿ, "ನಿನ್ನ ಟೀಚರಮ್ಮ ಮತ್ತೆ ಹೋದ್ರು ಕಣೇ, ಪಾಪ," ಅನ್ನುತ್ತಿದ್ದರು. ಆ ಪಾಪದಲ್ಲಿ ನನಗೆ ಯಾವ ಸುಳ್ಳೂ ಕೇಳಿಸಿರಲಿಲ್ಲ.

ಅವರು ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಈ ಸಲ ಹೊಸ ಮತಯಂತ್ರ ಬಂದಿದೆ. ಗುಂಡಿಗಳ ಪಕ್ಕ ಬ್ರೈಲ್ ಅಂಕಿಗಳಿವೆ, ಯಾರ ಸಹಾಯವೂ ಬೇಡ, ಯಾರಿಗೆ ಹಾಕಿದಿರೆಂದು ಗಾಜಿನ ಹಿಂದೆ ಚೀಟಿ ಕಾಣಿಸುತ್ತದೆ, ಮೋಸಕ್ಕೆ ಜಾಗವೇ ಇಲ್ಲ ಎಂದು ರೇಡಿಯೋದವರು ವಾರವಿಡೀ ಹೇಳಿದರು. ನನ್ನ ವೋಟು ನನ್ನ ಬೆರಳಿನಿಂದಲೇ ಬೀಳಬೇಕು, ಬಿದ್ದದ್ದು ಖಾತ್ರಿಯಾಗಬೇಕು. ಅಷ್ಟೇ ನನ್ನ ಆಸೆ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಕೋಲು ಹಿಡಿದು ಒಬ್ಬಳೇ ಹೊರಟೆ.

ಸಾಲಿನಲ್ಲಿ ನನ್ನ ಹಿಂದೆಯೇ ನಮ್ಮ ಬೀದಿಯ ಟೈಲರ್ ನಿಂತಿದ್ದ. ಯಜಮಾನರ ಜೀವದ ಗೆಳೆಯ.

"ಯಂತ್ರಾನ ಏನು ನಂಬೋದು ಅತ್ತಿಗೆ? ಒಂದನ್ನ ಒತ್ತಿದ್ರೆ ಇನ್ನೊಂದಕ್ಕೆ ಹೋಗುತ್ತಂತೆ. ಅಣ್ಣ ಇದ್ದಾಗ್ಲೇ ಚೆನ್ನಾಗಿತ್ತು. ಕಂಟ್ರಾಕ್ಟರಿಗೆ ನಿಮ್ಮನೆಯಿಂದ ಎರಡು ವೋಟು ಗ್ಯಾರಂಟಿ."

"ಎರಡಾ?"

"ಒಂದು ಅಣ್ಣಂದು, ಒಂದು ನಿಮ್ದು. ಪ್ರತಿ ಸಲ ಹೊರಗೆ ಬಂದ ತಕ್ಷಣ ನಂಗೆ ಎರಡು ಬೆರಳು ತೋರಿಸ್ತಿದ್ರಲ್ಲ..."

ಅಲ್ಲಿಗೆ ಅವನ ದನಿ ಇಳಿಯಿತು. ಆ ಎರಡು ಬೆರಳು ನನಗೆ ಕಾಣುತ್ತಿರಲಿಲ್ಲ ಅನ್ನುವುದು ಅವನಿಗೆ ಆಗ ಹೊಳೆದಿರಬೇಕು.

ನನ್ನ ಮೈಯೆಲ್ಲ ಉರಿದುಹೋಯಿತು. ಐದು ಚುನಾವಣೆ! ಒಂದು ಕೈಯಲ್ಲಿ ಹೆಂಡತಿಯನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಲೆಕ್ಕ ಒಪ್ಪಿಸುತ್ತಿದ್ದರಲ್ಲ ಮಹಾನುಭಾವರು! ಸತ್ತವರ ಜೊತೆ ಜಗಳ ಆಡುವುದಾದರೂ ಹೇಗೆ? ಬೈದರೆ ತಿರುಗಿ ಒಂದು ಮಾತಾದರೂ ಬೇಡವೇ?

"ನಾನು ಜೊತೆಗೆ ಬರ್ಲಾ ಅತ್ತಿಗೆ?"

"ನೀನು ಅಲ್ಲೇ ನಿಂತಿರಪ್ಪ, ಸಾಕು."

ಮರೆಯೊಳಗೆ ಹೋಗಿ ಚುಕ್ಕಿಗಳನ್ನು ತಡವಿದೆ. ಟೀಚರಮ್ಮ ಈ ಸಲವೂ ನಿಂತಿದ್ದರು, ಬಾಗಿಲಲ್ಲಿ ಕೊಟ್ಟ ಬ್ರೈಲ್ ಪಟ್ಟಿಯ ಪ್ರಕಾರ ಮೂರನೆಯ ಗುಂಡಿ. ಎರಡೆರಡು ಸಲ ತಡವಿ ನೋಡಿ ಒತ್ತಿದೆ. ಯಂತ್ರ ಉದ್ದಕ್ಕೆ ಕೂಗಿತು. ಕಿವಿಗೊಟ್ಟು ಕೇಳಿದೆ. ಅದರಲ್ಲಿ ನಿಜವೂ ಇರಲಿಲ್ಲ, ಸುಳ್ಳೂ ಇರಲಿಲ್ಲ. ಕಂಟ್ರಾಕ್ಟರಿಗೆ ಒತ್ತಿದ್ದರೂ ಅದು ಹೀಗೇ ಕೂಗುತ್ತಿತ್ತು.

"ಆಯ್ತಮ್ಮ, ಬನ್ನಿ," ಅಂದರು ಅಧಿಕಾರಿ.

"ಚೀಟೀಲಿ ಯಾರ ಹೆಸರು ಬಂತು ಸರ್?"

"ಅದನ್ನ ನಾವು ನೋಡೋ ಹಾಗಿಲ್ಲ. ನೀವೇ ನೋಡ್ಕೋ..." ಅಂದವರು ತಡೆದರು. ಆಮೇಲೆ ಮೆಲ್ಲಗೆ, "ಅದು ಏಳು ಸೆಕೆಂಡು ಅಷ್ಟೇ ಇರೋದಮ್ಮ. ಒಳಗೆ ಬಿದ್ದಾಯ್ತು."

ಗೇಟಿನವರೆಗೆ ಕೋಪದಲ್ಲೇ ನಡೆದೆ. ಯಂತ್ರದ ಮೇಲೆ ಕೋಪ, ಟೈಲರ್ ಮೇಲೆ ಕೋಪ, ಎಲ್ಲರಿಗಿಂತ ಹೆಚ್ಚು ಯಜಮಾನರ ಮೇಲೆ. ಆದರೆ ಮುಚ್ಚುಮರೆ ಯಾಕೆ? ಆ ಏಳು ಸೆಕೆಂಡು ಚೀಟಿ ಗಾಜಿನ ಹಿಂದೆ ನಿಂತಿದ್ದಾಗ ನನ್ನ ಎಡಗೈ ತಾನಾಗಿ ಪಕ್ಕಕ್ಕೆ ಚಾಚಿತ್ತು. "ರೀ, ಯಾರ ಹೆಸರಿದೆ ನೋಡಿ," ಎಂದು ಕೇಳಿಯೂ ಬಿಟ್ಟಿದ್ದೆ. ಅವರು ಏನು ಹೇಳಿದ್ದರೂ ನಾನು ನಂಬುತ್ತಿದ್ದೆ.