ಫಕೀರವ್ವನ ಸವಾಲು

ಮಾಘದ ಇಳಿಹೊತ್ತು. ಬಟ್ಟೆಗೆ ಬಣ್ಣ ಹಾಕುವ ನೀಲಗಾರರ ಓಣಿಯ ಗಟಾರದಲ್ಲಿ ಬಹಳ ವರ್ಷಗಳ ಮೇಲೆ ಮತ್ತೆ ನೀಲಿ ನೀರು ಹರಿದಿತ್ತು. ಹರೆಯದವರು ಬಣ್ಣದ ಹಂಡೆಗಳಿಗೆ ಬೆಂಕಿ ಹಾಕಿದ್ದರು, ಹಿಂದೆ ಹಾಡಿನ ಮೇಳಗಳು ಸೇರುತ್ತಿದ್ದ, ಈಗ ಪಾಳುಬಿದ್ದ ಗರಡಿಮನೆಗೆ ಸುಣ್ಣ ಬಳಿದಿದ್ದರು. ಇನ್ನು ಬೇಕಾದದ್ದು ಹಾಡು. ಹುಣ್ಣಿಮೆಯೊಳಗೆ ಅಲ್ಲಿ ಹಾಡು ಏಳದಿದ್ದರೆ ಗರಡಿಯನ್ನು ಹತ್ತಿಯ ಗೋದಾಮಿಗೆ ಕೊಡುವುದೆಂದು ಪಂಚರು ಹೇಳಿಬಿಟ್ಟಿದ್ದರು.

ನಮ್ಮ ಓಣಿಗೆ ಎರಡು ಮೇಳ. ಮೇಲಿನ ಮೇಳಕ್ಕೆ ಫಕೀರವ್ವ, ಕೆಳಗಿನದಕ್ಕೆ ಮೈಬೂಸಾಬ. ನಾನು ಫಕೀರವ್ವನ ಹಿಂದೆ ನಿಂತು 'ಗೀ ಗೀ' ಅನ್ನುವವನು. ಒಬ್ಬರು ಪದದಲ್ಲಿ ಸವಾಲು ಹಾಕಬೇಕು, ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಜವಾಬು ಸಿಗದ ಹೊರತು ಹೊಸ ಹಾಡು ಎತ್ತುವಂತಿಲ್ಲ. ಎದುರಿನವರು ಸೋತೆ ಎಂದರೆ ಸವಾಲು ಹಾಕಿದವರೇ ಬಿಡಿಸಬೇಕು. ಬಿಡಿಸಲಾರದಿದ್ದರೆ ತಾವು ಬಾರಿಸುವ ದಪ್ಪನ್ನು ಎದುರು ಮೇಳಕ್ಕೆ ಒಪ್ಪಿಸಿ ಆ ಸವಾಲನ್ನು ಮುಗಿಸಬೇಕು.

ಹಿಂದೊಮ್ಮೆ ಫಕೀರವ್ವ, "ಹಾಡೂಕಿಂತ ಮೊದಲ ಹಾಡು ಎಲ್ಲಿತ್ತು?" ಎಂದು ಸವಾಲು ಹಾಕಿದ್ದಳು. "ನಾಳೆ ಹೇಳತೀನಿ" ಎಂದು ಎದ್ದುಹೋದ ಮೈಬೂಸಾಬ ಮತ್ತೆ ಗರಡಿಯ ಮೆಟ್ಟಿಲು ತುಳಿಯಲಿಲ್ಲ. ಅಂದಿನಿಂದ ಓಣಿಯ ಬಾಯಿ ಕಟ್ಟಿಹೋಯಿತು. ಎಲ್ಲ ಅವನಿಂದಲೇ ಎಂದು ನಾವು ಅವನನ್ನು ಹಂಗಿಸುತ್ತಿದ್ದೆವು.

ಆ ಸಂಜೆ ಹುಡುಗರು ಅವನನ್ನು ಗರಡಿಗೆ ಕರೆತಂದು ಕೂಡಿಸಿದರು.

"ಏನೋ ಸಾಬ, ನಿನ್ನ ನಾಳೆ ಇವತ್ತ ಬಂತೇನೋ?" ಎಂದೆ ನಾನು.

"ನಿನಗ ಗೀ ಗೀ ಅನ್ನೋದಷ್ಟ ಗೊತ್ತು, ಅದನ್ನ ಅನಕೋತ ಇರು," ಎಂದು ನಕ್ಕ. ಆಮೇಲೆ, "ಜವಾಬು ಇನ್ನೂ ಸಿಕ್ಕಿಲ್ಲ. ಒಂದಿಷ್ಟು ದಿನ ತಡೀರಿ," ಎಂದ.

"ಹುಣ್ಣಿವಿ ನಾಡಿದ್ದ ಐತಿ ಕಾಕಾ. ಸೋತೆ ಅಂದಬಿಡ್ರಿ, ಮುಗೀತು," ಎಂದರು ಹುಡುಗರು.

ಅವನು ಒಲ್ಲೆನೆಂದು ತಲೆ ಅಲ್ಲಾಡಿಸಿದ. ಹೊರಗಿನ ನೀಲಿ ನೀರನ್ನೇ ನೋಡುತ್ತಿದ್ದ ಫಕೀರವ್ವ ಎದ್ದು ಬಂದು ತನ್ನ ದಪ್ಪನ್ನು ಅವನ ಮುಂದಿಟ್ಟಳು.

"ಸೋತಾಕಿ ನಾನು. ಅವತ್ತ ನಿನ್ನ ಸೊಕ್ಕು ಮುರೀಬೇಕಂತ ಬಾಯಿಗೆ ಬಂದದ್ದು ಕೇಳಿಬಿಟ್ಟೆ. ಜವಾಬು ನನಗೂ ಗೊತ್ತಿಲ್ಲೋ ಅಣ್ಣಾ."

"ಅದು ನನಗ ಗೊತ್ತೈತಿ ತಂಗಿ," ಎಂದ ಮೈಬೂಸಾಬ. "ಅವತ್ತ ನಿನ್ನ ಮಾರಿ ನೋಡಿದ್ನಲ್ಲ. ನಾ ಸೋತೆ ಅಂದಿದ್ರ ನಿನ್ನ ದಪ್ಪು ಹೋಗತಿತ್ತು."

ಅವನು ದಪ್ಪನ್ನು ಹೊರಗೆ ಒಯ್ದು ಹಂಡೆಯ ಬೆಂಕಿಗೆ ಹಿಡಿದು, ಚರ್ಮ ಬಿಗಿಯಾಗುವ ತನಕ ಕಾಯಿಸಿ, ಅವಳ ಕೈಗೇ ಕೊಟ್ಟ.

"ಈಗ ಇದು ನಂದು. ನಂದನ್ನ ಯಾರಿಗೆ ಬೇಕಾದ್ರೂ ಕೊಡತೀನಿ. ಬಾರಸು."

ಆ ರಾತ್ರಿಯೇ ಹಾಡು ಎದ್ದಿತು, ಗರಡಿ ಉಳಿಯಿತು. ಪ್ರತಿ ಗುರುವಾರ ಮೇಳ ಕೂಡತೊಡಗಿತು; ಬೇರೆ ಪೇಟೆಗೆ ಹೋಗಿ ನೆಲೆಸಿದವರೂ ಕೇಳಲು ಚಾಪೆ ಹಿಡಿದು ಬರತೊಡಗಿದರು.

ಮೈಬೂಸಾಬ ತೀರಿಕೊಂಡದ್ದು ಆ ಬೇಸಿಗೆಯ ಒಂದು ಶುಕ್ರವಾರ. ಮುಂದಿನ ಗುರುವಾರ ಕೆಳಗಿನ ಮೇಳಕ್ಕೆ ಮುಂದಾಳು ಇರಲಿಲ್ಲ. ಫಕೀರವ್ವ ನಮ್ಮನ್ನು ಬಿಟ್ಟು ಆ ಕಡೆಗೆ ನಡೆದಳು. ಅವನ ಜಾಗದಲ್ಲಿ, ನಮ್ಮತ್ತ ಮುಖ ಮಾಡಿ ನಿಂತಳು.